ಮೂರನೆಯ ಪ್ರೊವೈಡರ್

ಸಾವಧಾನರು ಮೂರು ದಿನದ ರಜೆ ಕೇಳಿದ್ದೇ ತಪ್ಪಾಯಿತು. ಸುಮ್ಮನೆ ಜ್ವರ ಎಂದು ಮಲಗಿಬಿಟ್ಟಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಆದರೆ ಅವರಿಗೆ ಸುಳ್ಳು ಒಗ್ಗುತ್ತಿರಲಿಲ್ಲ. ಹೇಳಲು ಬಾಯಿ ತೆರೆದರೆ ಸಾಕು, ಕಿವಿ ಕೆಂಪಗಾಗಿ ಎದುರಿನವರೇ ಗಾಬರಿಯಾಗಿ ನೀರು ತಂದುಕೊಡುತ್ತಿದ್ದರು.

ಅವರ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಆಫೀಸಿನಲ್ಲಿ ಯಾರಾದರೂ ಅವಸರದಿಂದ ಕೀಬೋರ್ಡಿಗೆ ಕೈಹಾಕಿದರೆ "ಸಾವಧಾನ, ಸಾವಧಾನ" ಎಂದು ಎದ್ದು ಬರುತ್ತಿದ್ದುದರಿಂದ ಆ ಹೆಸರೇ ನಿಂತಿತ್ತು. ಅದು ಗ್ರಂಥಾಲಯಗಳಿಗೆ ತಂತ್ರಾಂಶ ಮಾಡಿಕೊಡುವ ಪುಟ್ಟ ಆಫೀಸು. ಯಾವ ಪುಸ್ತಕ ಯಾರ ಮನೆಯಲ್ಲಿದೆ, ಯಾವಾಗ ಹಿಂದೆ ಬರಬೇಕು ಎಂದು ನೆನಪಿಟ್ಟುಕೊಳ್ಳುವ ಆ ತಂತ್ರಾಂಶವನ್ನು ಇಪ್ಪತ್ತೆರಡು ವರ್ಷದ ಹಿಂದೆ ಇಬ್ಬರು ಕೂತು ಬರೆದಿದ್ದರು. ಒಬ್ಬರು ತೀರಿಕೊಂಡಿದ್ದರು. ಉಳಿದವರು ಸಾವಧಾನರು. ಅದರ ಒಳಗಿನ ಸಂದಿಗೊಂದಿ ಅವರೊಬ್ಬರಿಗೇ ಗೊತ್ತು. ಹೀಗಾಗಿ ಬೆಳಗಿನಿಂದ ಸಂಜೆಯವರೆಗೆ ಎಲ್ಲರೂ ಅವರನ್ನೇ ಕೇಳುತ್ತಿದ್ದರು. ನಾಲ್ಕು ವರ್ಷದಿಂದ ಅವರಿಗೆ ಒಂದು ಪೂರ್ತಿ ದಿನದ ರಜೆ ಸಿಕ್ಕಿರಲಿಲ್ಲ.

ಈ ಸಲ ಬೇಕೇ ಬೇಕಿತ್ತು. ಹಿಂದಿನ ಸಂಜೆ ಊರಿನಿಂದ ಅಕ್ಕನ ಫೋನು ಬಂದಿತ್ತು. ತಾಯಿ ಇಲ್ಲದ ಅವರನ್ನು ಎತ್ತಿ ಸಾಕಿದ ಅಕ್ಕ. ಆರು ವರ್ಷದಿಂದ ಎರಡೂ ಕಣ್ಣಿಗೆ ಪೊರೆ ಬಂದು, ಎಲ್ಲರನ್ನೂ ದನಿಯಿಂದಲೇ ಗುರುತು ಹಿಡಿಯುತ್ತಿದ್ದಳು.

"ಲೋ, ನಾಳೆ ಆಪರೇಷನ್ನು. ನಾಡಿದ್ದು ಬೆಳಿಗ್ಗೆ ಹತ್ತಕ್ಕೆ ಕಟ್ಟು ಬಿಚ್ತಾರಂತೆ. ಬಿಚ್ಚಿದಾಗ ಮೊದ್ಲು ನಿನ್ನ ಮುಖ ನೋಡ್ಬೇಕು ಕಣೋ."

"ನನ್ನ ಮುಖದಲ್ಲಿ ನೋಡೋ ಅಂಥದ್ದು ಏನಿದೆ ಅಕ್ಕಾ?"

"ಏನೂ ಇಲ್ಲ, ಅದು ನಂಗೂ ಗೊತ್ತು. ಆದ್ರೂ ಸಾಕಿದ್ದು ನಾನಲ್ವಾ? ಈಗ ಹೆಂಗಾಗಿದೆ ಅಂತ ಒಂದ್ಸಲ ನೋಡೋದು ಬೇಡ್ವಾ?"

ಬೆಳಿಗ್ಗೆ ಒಂಬತ್ತಕ್ಕೇ ಸಾವಧಾನರು ಯಜಮಾನರ ಕೋಣೆಯ ಬಾಗಿಲಲ್ಲಿ ಅರ್ಜಿ ಹಿಡಿದು ನಿಂತರು.

"ಮೂರು ದಿನಾನಾ?" ಎಂದರು ಯಜಮಾನರು. ಮೂರು ವರ್ಷ ಎಂದು ಕೇಳಿಸುವಂತಿತ್ತು.

"ಹೌದು ಸರ್. ಸಂಜೆ ಆರೂವರೆಗೆ ಬಸ್ಸು."

"ನೀವು ಹೋದ್ರೆ ಇವರಿಗೆಲ್ಲ ಉತ್ತರ ಹೇಳೋರು ಯಾರು?" ಯಜಮಾನರು ಅರ್ಜಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಆಮೇಲೆ ಏನೋ ಹೊಳೆದವರಂತೆ ಮುಖ ಅರಳಿಸಿದರು. "ಒಂದು ಕೆಲಸ ಮಾಡೋಣ. ಎಲ್ಲರ ಕಂಪ್ಯೂಟರಿಗೂ ಎಡಿಟರ್ ಅಂತ ಹೊಸ ತಂತ್ರಾಂಶ ಹಾಕ್ಸಿದ್ವಲ್ಲ, ಅದರಲ್ಲಿ ಎಐ ಕೂರಿಸ್ಬಹುದಂತೆ. ಪ್ರೊವೈಡರ್ ಹಾಕ್ಬೇಕಂತೆ, ಯಾರೂ ಹಾಕಿಲ್ಲ. ನೀವು ಹಾಕಿ. ಇವತ್ತು ಹತ್ತರಿಂದ ಐದರವರೆಗೆ ಯಾರೂ ನಿಮ್ಮನ್ನ ಏನೂ ಕೇಳ್ಬಾರ್ದು. ಎಲ್ಲ ಅದನ್ನೇ ಕೇಳ್ಲಿ. ಕೆಲಸ ನಡೀತು ಅಂದ್ರೆ ಆರಾಮಾಗಿ ಹೋಗಿ ಬನ್ನಿ. ಒಬ್ಬರು ಎದ್ದು ನಿಮ್ಮ ಹತ್ರ ಬಂದು ಒಂದು ಪ್ರಶ್ನೆ ಕೇಳಿದ್ರೂ ರಜೆ ಇಲ್ಲ."

ಸಾವಧಾನರು ಒಪ್ಪಿದರು. ಒಪ್ಪದೆ ಏನು ಮಾಡುವುದು?

ಅವರ ಜಾಗ ಆಫೀಸಿನ ಹಿಂಭಾಗದಲ್ಲಿ, ಎದೆಮಟ್ಟದ ಮರದ ಅಡ್ಡಗೋಡೆಯ ಆಚೆ. ಅಲ್ಲಿ ಕೂತು ಸೆಟ್ಟಿಂಗ್ಸ್ ತೆರೆದರು. ಎಐ ಎಡಿಟರಿನ ಒಳಗೆ ಕೂತಿರುವುದಿಲ್ಲ ಎಂಬುದು ಅವರಿಗೆ ತಿಳಿದದ್ದೇ ಆಗ. ಅದು ದೂರದಲ್ಲಿ ಯಾವುದೋ ಕಂಪನಿಯ ಯಂತ್ರದಲ್ಲಿರುತ್ತದೆ. ಆ ಕಂಪನಿಗೆ ಪ್ರೊವೈಡರ್ ಎಂದು ಹೆಸರು. ಅದರ ವಿಳಾಸ, ಬಾಗಿಲು ತೆರೆಯುವ ಕೀ, ಒಳಗಿರುವ ಎಐಗಳಲ್ಲಿ ಯಾವುದನ್ನು ಕರೆಯಬೇಕು ಎಂಬ ಮಾಡೆಲಿನ ಹೆಸರು, ಇಷ್ಟನ್ನು ಬರೆದುಕೊಡಬೇಕು. ಅಂಥ ಮೂರು ಸಾಲುಗಳಿದ್ದವು. ಮೊದಲನೆಯದು ಉತ್ತರ ಕೊಡದಿದ್ದರೆ ಪ್ರಶ್ನೆ ಎರಡನೆಯದಕ್ಕೆ ಹೋಗುತ್ತದೆ, ಅದೂ ಕೈಕೊಟ್ಟರೆ ಮೂರನೆಯದಕ್ಕೆ. ಕಷ್ಟ ಬಂದಾಗ ಮೊದಲು ಮಾವನ ಮನೆ, ಅಲ್ಲಿ ಬೀಗ ಇದ್ದರೆ ಚಿಕ್ಕಪ್ಪನ ಮನೆ, ಅಲ್ಲೂ ಆಗದಿದ್ದರೆ ಪಕ್ಕದ ಮನೆಯವರು ಇದ್ದಾರಲ್ಲ, ಹಾಗೆ. ಸಾವಧಾನರು ಇಲ್ಲಿ ತುಂಬಿದರೆ ಎಲ್ಲರ ಎಡಿಟರಿಗೂ ಅದೇ ಅನ್ವಯ.

ಮೊದಲ ಸಾಲಿಗೆ ಹೆಸರಾಂತ ಕಂಪನಿಯೊಂದನ್ನು ಹಾಕಿ, ಅವರು ಕಳಿಸಿದ್ದ, ಅಕ್ಷರ ಅಂಕಿಗಳ ಮೊಳದುದ್ದದ ಕೀ ಅಂಟಿಸಿದರು. "ಕೀ ಸರಿಯಿಲ್ಲ" ಎಂದಿತು. ಮತ್ತೆ ಅಂಟಿಸಿದರು. ಮತ್ತೆ ಸರಿಯಿಲ್ಲ.

ಅಷ್ಟು ಹೊತ್ತಿಗೆ ಅಡ್ಡಗೋಡೆಯ ಮೇಲೆ ಒಂದು ತಲೆ ಹುಟ್ಟಿತು. ಅದು ಗೊತ್ತಣ್ಣನ ತಲೆ. ಕೋಡ್ ಬರೆಯುವ ಹುದ್ದೆಯ ಈ ಮನುಷ್ಯ ಯಾವ ಮಾತಿಗೂ "ಗೊತ್ತು ಗೊತ್ತು" ಅನ್ನುತ್ತಿದ್ದುದರಿಂದ ಆ ಹೆಸರು.

"ಸಾವಧಾನ ಸರ್, ಆ ಕಂಪನಿ ಬೇಡ. ಈಗ ಎಲ್ಲರೂ ಬೇರೇದಕ್ಕೆ ಹೋಗಿದ್ದಾರೆ."

"ಯಾರೂ ನನ್ನ ಹತ್ರ ಬರಬಾರ್ದು ಅಂತ ಯಜಮಾನ್ರು ಹೇಳಿದ್ದಾರಪ್ಪ."

"ಕೇಳಬಾರ್ದು ಅಂದಿದ್ದಾರೆ. ಹೇಳಬಾರ್ದು ಅಂದಿಲ್ವಲ್ಲ?"

ಇದು ಉಳಿದವರಿಗೂ ಹಿಡಿಸಿತು. ತಂತ್ರಾಂಶದಲ್ಲಿ ತಪ್ಪು ಹುಡುಕುವ ಜರಡಿ ಮೇಡಂ ಬಂದು, ವಿಳಾಸದಲ್ಲೇ ತಪ್ಪಿರಬೇಕು ಎಂದು ಹೇಳಿಹೋದರು. ಅವರ ಕೈಯಿಂದ ತಪ್ಪಿಲ್ಲದೆ ಪಾರಾದ ವಸ್ತು ಪ್ರಪಂಚದಲ್ಲಿ ಇಲ್ಲ. ಗ್ರಂಥಾಲಯಗಳ ಫೋನು ತೆಗೆದುಕೊಳ್ಳುವ ಹಲೋ ಮೇಡಂ ಬಂದು, ತಮ್ಮ ನಾದಿನಿಯ ಮಗನ ಮನೆಯಲ್ಲೂ ಹೀಗೇ ಆಗಿ ಕೊನೆಗೆ ತಾನೇ ಸರಿಹೋಯಿತು ಎಂದು ಧೈರ್ಯ ಹೇಳಿದರು. ಹೆಣ್ಣು ನೋಡಲು ಬಂದವರ ಹಾಗೆ ಮೂವರೂ ಸುತ್ತ ನಿಂತು, ಪ್ರೊವೈಡರುಗಳ ಗುಣ ದೋಷ, ಯಾವುದು ಜಾಸ್ತಿ ಮಾತಾಡುತ್ತದೆ, ಯಾವುದಕ್ಕೆ ತಲೆ ಇದೆ ಎಂದೆಲ್ಲ ಚರ್ಚೆ ಮಾಡಿದರು.

ಸಾವಧಾನರು ತಮ್ಮ ದಾರಿಯಲ್ಲೇ ಹೋದರು. ಎಡಿಟರಿನಿಂದ ಏನು ಹೊರಗೆ ಹೋಗುತ್ತಿದೆ ಎಂದು ಕಣ್ಣಾರೆ ನೋಡೋಣವೆಂದು ಇಪ್ಪತ್ತೇ ಸಾಲಿನ ಪುಟ್ಟ ಪ್ರೋಗ್ರಾಂ ಬರೆದರು. ಪ್ರೊವೈಡರಿನ ವಿಳಾಸದ ಜಾಗದಲ್ಲಿ ಇದರ ವಿಳಾಸ ಕೊಟ್ಟರೆ, ಪ್ರಶ್ನೆ ಅವರ ಪರದೆಯ ಮೇಲೆ ಬಂದು ಬೀಳುತ್ತಿತ್ತು. ಅವರು ಏನು ಟೈಪ್ ಮಾಡುತ್ತಾರೋ ಅದೇ ಉತ್ತರವಾಗಿ ವಾಪಸು ಹೋಗುತ್ತಿತ್ತು. ಅದರಲ್ಲಿ ನೋಡಿದಾಗ ಗೊತ್ತಾಯಿತು: ಕೀ ಸರಿಯಾಗಿಯೇ ಇತ್ತು, ಅದರ ಬಾಲಕ್ಕೆ ಒಂದು ಖಾಲಿ ಜಾಗ ಅಂಟಿಕೊಂಡಿತ್ತು. ಕಣ್ಣಿಗೆ ಕಾಣದ ಅಷ್ಟಕ್ಕೆ ಮುಕ್ಕಾಲು ಗಂಟೆ ಹೋಗಿತ್ತು. ತೆಗೆದರು. ಹತ್ತಕ್ಕೆ ಸರಿಯಾಗಿ ಮೊದಲ ಪ್ರೊವೈಡರ್ "ನಮಸ್ಕಾರ, ನಾನು ಏನು ಸಹಾಯ ಮಾಡಲಿ?" ಎಂದಿತು.

ಹನ್ನೊಂದೂವರೆಗೆ ಅದರ ಕತೆ ಮುಗಿಯಿತು. ಗೊತ್ತಣ್ಣ ತನ್ನ ಹೊಸ ಬೂಟುಗಳ ಮೇಲೆ ಒಂದು ಪದ್ಯ ಬರೆಸಿ, ಅದು ಹಿಡಿಸದೆ ಹದಿನೇಳು ಸಲ ತಿದ್ದಿಸಿದ್ದ. ಜರಡಿ ಮೇಡಂ ಏಳುನೂರು ಪುಟದ ಕೈಪಿಡಿಯನ್ನು ಇಡಿಯಾಗಿ ಅದರ ಬಾಯಿಗೆ ತುರುಕಿ, "ಇದರಲ್ಲಿರುವ ತಪ್ಪುಗಳನ್ನೆಲ್ಲ ಹೇಳು" ಎಂದಿದ್ದರು. ಅದು ಹೇಳಿತ್ತು, ಮೇಡಂ ಅದು ಹೇಳಿದ್ದರಲ್ಲಿನ ತಪ್ಪುಗಳನ್ನು ಹಿಂದಕ್ಕೆ ಕಳಿಸಿದ್ದರು. "ಇಂದಿನ ಮಿತಿ ಮುಗಿದಿದೆ, ನಾಳೆ ಬೆಳಿಗ್ಗೆ ಮತ್ತೆ ಪ್ರಯತ್ನಿಸಿ" ಎಂದು ಮೊದಲ ಪ್ರೊವೈಡರ್ ಬಾಗಿಲು ಹಾಕಿಕೊಂಡಿತು.

ಎರಡನೆಯದು ಮಾತಿನಲ್ಲಿ ಗಟ್ಟಿಗ. ಪ್ರಶ್ನೆ ಮುಗಿಯುವ ಮೊದಲೇ ಉತ್ತರ. "ಪುಸ್ತಕದ ಅವಧಿ ವಿಸ್ತರಿಸುವುದು ಹೇಗೆ?" ಎಂದು ಕೇಳಿದ ಹಲೋ ಮೇಡಂಗೆ, "ಬಲಗಡೆಯ ಹಸಿರು ಬಟನ್ ಒತ್ತಿ" ಎಂದಿತು. ಅವರು ಅದನ್ನೇ ಫೋನಿನಲ್ಲಿ ಹೇಳಿದರು. ಐದು ನಿಮಿಷಕ್ಕೆ ಆ ಗ್ರಂಥಪಾಲಕರು ಮತ್ತೆ ಫೋನು ಮಾಡಿ, ತಮ್ಮ ಗ್ರಂಥಾಲಯದಲ್ಲಿ ಹಸಿರಾಗಿರುವುದು ಗೋಡೆಯೊಂದೇ, ಅದನ್ನು ಒತ್ತಬೇಕೇ ಎಂದು ಕೂಗಾಡಿದರು. ತಂತ್ರಾಂಶದಲ್ಲಿ ಹಸಿರು ಬಟನ್ ಎಂಬುದೇ ಇರಲಿಲ್ಲ. ಆದರೆ ಎರಡನೆಯ ಪ್ರೊವೈಡರಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಸಿಗದಿದ್ದರೆ ಇನ್ನೂ ಚೆನ್ನಾಗಿ ಹುಡುಕಿ ಎಂದಿತು. ಜರಡಿ ಮೇಡಂ ಇಪ್ಪತ್ತು ನಿಮಿಷ ಹುಡುಕಿದರು. ಸಾವಧಾನರು ಆ ಸಾಲನ್ನು ತೆಗೆದುಹಾಕಿದರು.

ಉಳಿದದ್ದು ಮೂರನೆಯದು. ಮಾಡೆಲನ್ನು ನಮ್ಮ ಕಂಪ್ಯೂಟರಿಗೇ ತಂದು ಕೂರಿಸಿಕೊಳ್ಳಬಹುದು ಎಂದು ಸೆಟ್ಟಿಂಗ್ಸಿನಲ್ಲಿ ಬರೆದಿತ್ತು. ತಂದು ಕೂರಿಸಿದರು. ಸಾಲಿಗೆ "ಸ್ವಂತ" ಎಂದು ಹೆಸರಿಟ್ಟರು. ಕಂಪ್ಯೂಟರು ಹಳೆಯದು. ಮೊದಲ ಪ್ರಶ್ನೆಗೆ ಅದು ಏದುಸಿರು ಬಿಟ್ಟಿತು, ಎರಡನೆಯದಕ್ಕೆ ವಿಮಾನ ಮೇಲೇಳುವ ಸದ್ದು ಮಾಡಿತು, ಆಮೇಲೆ ತಣ್ಣಗೆ ಆರಿಹೋಯಿತು.

ಮತ್ತೆ ಜೀವ ಬರಿಸಿ ಕೂತಾಗ ಹನ್ನೆರಡೂಕಾಲು. ಅಡ್ಡಗೋಡೆಯ ಆಚೆ ಹಲೋ ಮೇಡಂ ಫೋನಿನಲ್ಲಿ, "ಒಂದು ನಿಮಿಷ ಇರಿ, ನಮ್ಮ ಸಾವಧಾನ ಸರ್‌ನ ಕೇಳಿ ಹೇಳ್ತೀನಿ" ಎನ್ನುವುದು ಕೇಳಿಸಿತು. ಅವರ ಕುರ್ಚಿ ಹಿಂದೆ ಸರಿದ ಸದ್ದಾಯಿತು.

ಬಸ್ಸು ಸಾವಧಾನರ ಕಣ್ಣ ಮುಂದೆಯೇ ಹೊರಟುಹೋದಂತಾಯಿತು. ಕಟ್ಟು ಬಿಚ್ಚಿಸಿಕೊಂಡು ಅತ್ತ ಇತ್ತ ನೋಡುವ ಅಕ್ಕ ಕಂಡಳು. ಯೋಚನೆ ಮಾಡಲು ಹೊತ್ತಿರಲಿಲ್ಲ. ಬೆಳಗಿನ ಆ ಇಪ್ಪತ್ತು ಸಾಲಿನ ಪ್ರೋಗ್ರಾಮನ್ನು ಚಾಲೂ ಮಾಡಿ, "ಸ್ವಂತ" ಎಂಬ ಸಾಲಿನಲ್ಲಿ ಅದರ ವಿಳಾಸ ಬರೆದು, ದನಿಯೇರಿಸಿ, "ಮೂರನೆಯ ಪ್ರೊವೈಡರ್ ಶುರುವಾಗಿದೆ, ಅದನ್ನೇ ಕೇಳಿ!" ಎಂದು ಕೂಗಿದರು.

ಕುರ್ಚಿ ಮತ್ತೆ ಮುಂದೆ ಸರಿಯಿತು. ಪ್ರಶ್ನೆ ಸಾವಧಾನರ ಪರದೆಯ ಮೇಲೆ ಬಂದು ಬಿತ್ತು: "ಒಬ್ಬ ಸದಸ್ಯರ ಹುಟ್ಟಿದ ದಿನ ಮೂವತ್ತೆರಡು ಅಂತ ತೋರಿಸುತ್ತಿದೆ. ಏನು ಮಾಡಲಿ?"

ಅವರು ಎರಡು ಬೆರಳಿನಲ್ಲಿ ಟೈಪ್ ಮಾಡಿದರು. "ಅದು ತಪ್ಪಲ್ಲ. ಹುಟ್ಟಿದ ದಿನ ಗೊತ್ತಿಲ್ಲದವರು ಬಹಳ ಜನ ಇರುತ್ತಾರೆ. ಅವರಿಗೂ ಒಂದು ದಿನ ಇರಲಿ ಎಂದು ಮೂವತ್ತೆರಡು ಇಟ್ಟಿದೆ. ಹಾಗೇ ಬಿಡಿ."

"ಅಯ್ಯೋ, ಎಷ್ಟು ಚೆನ್ನಾಗಿ ಹೇಳ್ತು!" ಎಂದರು ಹಲೋ ಮೇಡಂ ಆಚೆಯಿಂದ.

ಮುಂದಿನ ನಾಲ್ಕೂಮುಕ್ಕಾಲು ಗಂಟೆ ಸಾವಧಾನರು ಪ್ರೊವೈಡರ್ ಆಗಿದ್ದರು. ಊಟದ ಹೊತ್ತಿಗೆ ಎಲ್ಲರೂ ಡಬ್ಬಿ ತೆರೆದು, ಒಂದು ಕೈಯಲ್ಲಿ ತಿನ್ನುತ್ತ ಇನ್ನೊಂದು ಕೈಯಲ್ಲಿ ಪ್ರಶ್ನೆ ಕೇಳಿದರು. ಅವರ ಡಬ್ಬಿ ಮುಚ್ಚಿಯೇ ಇತ್ತು. ಯಂತ್ರ ಊಟಕ್ಕೆ ಏಳುವಂತಿಲ್ಲ. ಬಚ್ಚಲಿಗೆ ಹೋಗಲೇಬೇಕಾದಾಗ ಹೋಗಿ ಓಡಿಬಂದರು. ಅಷ್ಟು ಹೊತ್ತೂ ಆಚೆಯವರ ಪರದೆಯ ಮೇಲೆ "ಯೋಚಿಸುತ್ತಿದೆ…" ಎಂಬ ಮಾತು ಮಿನುಗುತ್ತಿತ್ತು.

"ಇದೇ ನೋಡಿ ಒಳ್ಳೇ ಮಾಡೆಲಿನ ಲಕ್ಷಣ. ನಂಗೆ ಗೊತ್ತು," ಎಂದ ಗೊತ್ತಣ್ಣ. "ಉಳಿದವು ಬಾಯಿಗೆ ಬಂದಿದ್ದು ಹೇಳ್ತವೆ. ಇದು ಒಳಗೊಳಗೇ ತೂಗಿ ನೋಡತ್ತೆ."

ಹೀಗೆ ಮೆಚ್ಚಿದವನೇ ತನ್ನ ಕೋಡ್ ಕಳಿಸಿ ತಪ್ಪು ಹೇಳು ಎಂದ. ಸಾವಧಾನರು ಬರೆದರು: "ಬರೆಯುವ ಮೊದಲು ಈಗಾಗಲೇ ಏನಿದೆ ಎಂದು ಓದು. ನೀನು ಬರೆದಿರುವುದು ಅಲ್ಲೇ ಮೇಲೆ ಹದಿನೈದು ವರ್ಷದಿಂದ ಇದೆ." ಎರಡು ವರ್ಷದಿಂದ ವಾರಕ್ಕೊಮ್ಮೆ ಅವರು ಇದೇ ಮಾತನ್ನು ಅವನ ಮುಖಕ್ಕೆ ಹೇಳಿದ್ದರು, ಅವನು "ಗೊತ್ತು ಗೊತ್ತು" ಎಂದಿದ್ದ. ಈಗ ಮಾತ್ರ ಮೌಸಿನ ಚಕ್ರ ಮೇಲಕ್ಕೆ ಉರುಳುವ ಸದ್ದು ಕೇಳಿಸಿತು.

"ಹೌದಲ್ವಾ," ಎಂದಿತು ಗೊತ್ತಣ್ಣನ ದನಿ. ಆಮೇಲೆ, "ಎಷ್ಟು ವಿನಯವಾಗಿ ಹೇಳ್ತು ನೋಡಿ. ಇದನ್ನೇ ಸಾವಧಾನ ಸರ್ ಹೇಳಿದ್ರೆ ಮುಖ ಸಿಂಡರಿಸ್ಕೊಂಡು ಹೇಳ್ತಾರೆ."

ಸಾವಧಾನರು ತಮ್ಮ ಮುಖವನ್ನು ಕೈಯಿಂದ ಸವರಿ ನೋಡಿಕೊಂಡರು. ಇರಬಹುದು. ಮುಖ ಇರುವುದೇ ತೊಂದರೆಯೇನೋ.

ಜರಡಿ ಮೇಡಂ ಅಷ್ಟು ಸುಲಭಕ್ಕೆ ಸಿಕ್ಕುವವರಲ್ಲ. ಅಡ್ಡಪ್ರಶ್ನೆಗೆ ಇಳಿದರು.

"ನೀನು ಯಾವ ಮಾಡೆಲ್?"

ಸುಳ್ಳು ಹೇಳಲು ಬಾರದ ಸಾವಧಾನರು ಬರೆದರು: "ಹಳೆಯದು."

"ತರಬೇತಿ ಯಾವಾಗ ಆಯಿತು?"

"ಇಪ್ಪತ್ತೆರಡು ವರ್ಷದಿಂದ ಆಗುತ್ತಿದೆ."

"ನಿನ್ನ ಮಿತಿ ಏನು?"

"ಹಸಿವಾದರೆ ತಪ್ಪಾಗುತ್ತದೆ."

"ತಮಾಷೆನೂ ಮಾಡತ್ತೆ ರೀ ಇದು!" ಎಂದು ಮೇಡಂ ನಕ್ಕರು. ಅವರು ಆಫೀಸಿನಲ್ಲಿ ನಕ್ಕದ್ದನ್ನು ಸಾವಧಾನರು ಕೇಳಿದ್ದು ಅದೇ ಮೊದಲು. ಆಮೇಲೆ ಮೇಡಂ ನಿಜವಾದ ಪ್ರಶ್ನೆ ಕೇಳಿದರು. "ಏಳು ವರ್ಷವಾದರೂ ಹಿಂದೆ ಬರದ ಪುಸ್ತಕ ಬಾಕಿ ಪಟ್ಟಿಯಿಂದ ತಾನಾಗಿ ಮಾಯವಾಗುತ್ತದೆ. ಇದು ತಪ್ಪಲ್ಲವೇ? ಯಾರು ಹೀಗೆ ಬರೆದರು?"

ಆ ಸಾಲನ್ನು ಬರೆದದ್ದು ತೀರಿಹೋದ ಗೆಳೆಯ. ಅದನ್ನು ಬರೆದ ಸಂಜೆ ಇಬ್ಬರೂ ಇದೇ ಜಾಗದಲ್ಲಿ, ಇದೇ ಅಡ್ಡಗೋಡೆಗೆ ಬೆನ್ನು ಕೊಟ್ಟು ಕೂತು, ಏಳು ಸಾಕೋ ಹತ್ತು ಇಡೋಣವೋ ಎಂದು ವಾದ ಮಾಡಿದ್ದರು. ಸಾವಧಾನರ ಬೆರಳು ಕೀಗಳ ಮೇಲೆ ಸ್ವಲ್ಪ ಹೊತ್ತು ನಿಂತಿತು. "ಯೋಚಿಸುತ್ತಿದೆ…" ಎಂದು ಆಚೆ ಮಿನುಗಿತು.

"ಏಳು ವರ್ಷ ಇಟ್ಟುಕೊಂಡವರಿಗೆ ಆ ಪುಸ್ತಕ ಬೇಕಾಗಿದೆ ಎಂದು ಅರ್ಥ," ಎಂದು ಬರೆದರು. "ಹಾಗೆಂದು ಬರೆದವರು ಅಂದುಕೊಂಡಿದ್ದರು. ತಪ್ಪಿರಬಹುದು. ಆದರೆ ಬದಲಾಯಿಸಬೇಡಿ."

ಜರಡಿ ಮೇಡಂ ಅದನ್ನು ತಪ್ಪುಗಳ ಪಟ್ಟಿಗೆ ಸೇರಿಸಲಿಲ್ಲ.

ಮೂರೂವರೆ ಹೊತ್ತಿಗೆ ಹಲೋ ಮೇಡಂ ಇನ್ನೊಂದು ಕೇಳಿದರು. "ಹಸಿರು ಗೋಡೆಯವರು ಇನ್ನೂ ಬೈಯುತ್ತಲೇ ಇದ್ದಾರೆ. ಏನು ಹೇಳಿದರೂ ಕೇಳುತ್ತಿಲ್ಲ. ಅಳು ಬರುತ್ತಿದೆ." ಇದು ತಂತ್ರಾಂಶದ ಪ್ರಶ್ನೆಯಲ್ಲ. ಸಾವಧಾನರು ಕಿವಿಗೊಟ್ಟು ಕೇಳಿದರು. ಆಚೆ ಹಲೋ ಮೇಡಂ ಎಂದಿನಂತೆ ಗಟ್ಟಿ ದನಿಯಲ್ಲೇ ಮಾತಾಡುತ್ತಿದ್ದರು. ಹತ್ತು ವರ್ಷದಿಂದ ಆ ದನಿ ಹಾಗೇ ಇತ್ತು. ಅವರಿಗೆ ಅಳು ಬರಬಹುದು ಎಂದು ತಮಗೆ ತೋಚಿರಲೇ ಇಲ್ಲ. "ತಪ್ಪು ನಿಮ್ಮದಲ್ಲ, ನನ್ನದು," ಎಂದು ಬರೆದರು. "ಅವರಿಗೆ ಹಾಗೇ ಹೇಳಿ. ಆಮೇಲೆ ಹೋಗಿ ಸ್ವಲ್ಪ ನೀರು ಕುಡಿದು ಬನ್ನಿ. ಫೋನು ಕಾಯುತ್ತದೆ."

"ಥ್ಯಾಂಕ್ಸ್ ಕಣಪ್ಪಾ," ಎಂದು ಉತ್ತರ ಬಂತು. ಅವರು ಅದನ್ನು ಎರಡು ಸಲ ಓದಿದರು.

ಐದು ಹೊಡೆಯಿತು. ಯಜಮಾನರು ಎಲ್ಲರನ್ನೂ ಕರೆದು ವಿಚಾರಿಸಿದರು. ಮೂರನೆಯದೊಂದಕ್ಕೇ ಅರವತ್ತೊಂದು ಪ್ರಶ್ನೆ, ಒಂದೂ ಸಾವಧಾನರ ಬಳಿಗೆ ಹೋಗಿಲ್ಲ. ಮೂವರೂ ಒಂದೇ ಬಾಯಲ್ಲಿ ಹೊಗಳಿದರು. ಜರಡಿ ಮೇಡಂ ಕೂಡ, "ಸ್ವಲ್ಪ ನಿಧಾನ, ಅಷ್ಟೇ" ಎಂದರು. ಅವರ ಬಾಯಲ್ಲಿ ಅದು ಪದಕ.

"ಹೋಗಿ ಬನ್ನಿ ಸಾವಧಾನರೇ," ಎಂದು ಯಜಮಾನರು ಅರ್ಜಿಯ ಮೇಲೆ ಸಹಿ ಹಾಕಿದರು. "ಗೆದ್ದಿರಿ."

ಸಾವಧಾನರು ಹಗುರಾಗಿ ತಮ್ಮ ಜಾಗಕ್ಕೆ ಬಂದರು. ಮೋಸ ಮಾಡಿದೆನೇ ಎಂದು ಒಮ್ಮೆ ಅನಿಸಿತು. ಆದರೆ ದಿನವಿಡೀ ಒಂದೇ ಒಂದು ಸುಳ್ಳು ಬರೆದಿರಲಿಲ್ಲ. ಸಾಲಿನ ಹೆಸರು ಕೂಡ "ಸ್ವಂತ" ಎಂದೇ ಇತ್ತು. ನಾಳೆ ಬೆಳಿಗ್ಗೆ ಮೊದಲ ಪ್ರೊವೈಡರಿನ ಮಿತಿ ಮತ್ತೆ ತೆರೆಯುತ್ತದೆ. ಅರವತ್ತೊಂದು ಉತ್ತರಗಳನ್ನೂ ಅದಕ್ಕೆ ಓದಿಸಿಟ್ಟು, ಬೂಟಿನ ಪದ್ಯ ಬರೆಸಬಾರದೆಂದು ಒಂದು ಚೀಟಿ ಅಂಟಿಸಿದರೆ ಮೂರು ದಿನ ಹೇಗೋ ಸಾಗುತ್ತದೆ. ಚೀಲ ಹೆಗಲಿಗೇರಿಸಿ, ಪುಟ್ಟ ಪ್ರೋಗ್ರಾಮನ್ನು ನಿಲ್ಲಿಸಲು ಬಗ್ಗಿದರು.

ಅಷ್ಟರಲ್ಲಿ ಪರದೆಯ ಮೇಲೆ ಇನ್ನೊಂದು ಪ್ರಶ್ನೆ ಬಿತ್ತು. ಯಜಮಾನರ ಕೋಣೆಯಿಂದ.

"ಇದು ನಮ್ಮಿಬ್ಬರ ನಡುವೆ ಇರಲಿ. ನೀನು ಇಷ್ಟು ಚೆನ್ನಾಗಿ ಕೆಲಸ ಮಾಡುತ್ತೀಯ. ಇನ್ನು ಸಾವಧಾನರು ನಮಗೆ ಬೇಕೇ? ಮುಲಾಜಿಲ್ಲದೆ ಹೇಳು."

ಸಾವಧಾನರು ಚೀಲದ ಸಮೇತ ಕುರ್ಚಿಯಲ್ಲಿ ಕೂತರು.

ಉತ್ತರ ಕೊಡದೆ ಹೋಗಿಬಿಡಬಹುದಿತ್ತು. ಕೊಡದಿದ್ದರೆ ಯಂತ್ರ ಕೆಟ್ಟಿದೆ ಎಂದು ಯಜಮಾನರು ಎದ್ದು ಬರುತ್ತಾರೆ. "ಬೇಡ" ಎಂದು ಬರೆದರೆ, ಊರಿನಿಂದ ಬರುವ ಹೊತ್ತಿಗೆ ಈ ಕುರ್ಚಿ ಇರುವುದಿಲ್ಲ. "ಬೇಕು" ಎಂದು ಬರೆಯಬೇಕು. ಆದರೆ ತಾನು ಬೇಕು ಎಂದು ತಾನೇ ಹೇಳಿಕೊಳ್ಳುವುದು ಹೇಗೆ? ಯಾರೂ ಅವರಿಗೆ ಆ ಮಾತು ಹೇಳಿರಲಿಲ್ಲ. ಹೇಳಿದ್ದರೆ ಅದನ್ನೇ ನಕಲು ಮಾಡಬಹುದಿತ್ತು. ನಿಜವನ್ನಷ್ಟೇ ಬರೆಯೋಣ ಎಂದುಕೊಂಡರು.

"ಬೇಕು," ಎಂದು ಬರೆದರು. "ಏನು ಕೇಳುತ್ತಾರೋ ಅದಕ್ಕೆ ಮಾತ್ರ ನಾನು ಉತ್ತರ ಕೊಡುತ್ತೇನೆ. ಕೇಳಲು ಯಾರಿಗೂ ತೋಚದ ಸಂಗತಿಗಳು ಈ ತಂತ್ರಾಂಶದಲ್ಲಿ ನೂರಾರಿವೆ. ಯಾವ ಗೋಡೆ ಒರಗಿದರೆ ಬೀಳುತ್ತದೆ, ಯಾವ ಬಾಗಿಲು ಬಡಿದರಷ್ಟೇ ತೆರೆಯುತ್ತದೆ ಎಂದು ಆ ಮನುಷ್ಯನಿಗೆ ಗೊತ್ತು. ಅವನು ಅದನ್ನು ಎಲ್ಲೂ ಬರೆದಿಟ್ಟಿಲ್ಲ, ಬರೆಯಲು ಯಾರೂ ಬಿಡುವು ಕೊಡಲಿಲ್ಲ. ಎಲ್ಲರೂ ಮನೆಗೆ ಹೋದ ಮೇಲೆ ಎಷ್ಟೋ ತಪ್ಪುಗಳನ್ನು ಅವನು ಯಾರಿಗೂ ಹೇಳದೆ ತಿದ್ದಿದ್ದಾನೆ. ಅವನಿಲ್ಲದೆ ಈ ಆಫೀಸು ಒಂದು ದಿನವೂ ನಡೆಯುವುದಿಲ್ಲ."

ಕೊನೆಯ ಸಾಲು ತುಸು ಹೆಚ್ಚಾಯಿತೇನೋ ಅನಿಸಿತು. ಆದರೂ ಅಳಿಸಲು ಮನಸ್ಸು ಬರಲಿಲ್ಲ. ಕಳಿಸಿ, ಕಣ್ಣೊರೆಸಿಕೊಂಡು, ಬಾಗಿಲ ಕಡೆಗೆ ನಡೆದರು.

"ಸಾವಧಾನರೇ!"

ಯಜಮಾನರು ಕೋಣೆಯಿಂದ ಓಡಿಬಂದರು. ಬಂದವರೇ ಎರಡೂ ಕೈ ಹಿಡಿದುಕೊಂಡರು. ಅವರ ಕಣ್ಣೂ ಒದ್ದೆಯಾಗಿತ್ತು.

"ಇಷ್ಟು ವರ್ಷ ನಿಮ್ಮ ಬೆಲೆ ನನಗೆ ಗೊತ್ತಾಗ್ಲಿಲ್ಲ. ಒಂದು ಯಂತ್ರ ನನ್ನ ಕಣ್ಣು ತೆರೆಸ್ತು. ಪಕ್ಷಪಾತ ಇಲ್ಲ, ಮುಲಾಜಿಲ್ಲ, ಹಾಗೇ ಹೇಳಿಬಿಡ್ತು."

"ಅಯ್ಯೋ, ಅದೆಲ್ಲ ಏನಿಲ್ಲ ಸರ್. ಬಸ್ಸಿಗೆ ಹೊತ್ತಾಯ್ತು."

"ಯಾವ ಬಸ್ಸು?" ಯಜಮಾನರು ಅವರ ಹೆಗಲಿಂದ ಚೀಲ ಇಳಿಸಿ ಕೆಳಗಿಟ್ಟರು. "ನೀವಿಲ್ಲದೆ ಆಫೀಸು ಒಂದು ದಿನವೂ ನಡೆಯಲ್ಲ ಅಂತಿದೆ ಅದು. ನಾನು ಮೂರು ದಿನ ಕಳಿಸೋಕೆ ಹೊರಟಿದ್ದೆ! ಎಂಥಾ ಅನಾಹುತ ತಪ್ಪಿತು."

"ಸರ್, ಎಐ ಇದೆಯಲ್ಲ…"

"ಎಐನೇ ಹೇಳಿದ್ದು!"

ಸಾವಧಾನರು ಬಾಯಿ ತೆರೆದರು. ಆ ಎಐ ನಾನೇ ಎಂದರೆ, ದಿನವಿಡೀ ಎಲ್ಲರೂ ತಮ್ಮನ್ನೇ ಕೇಳಿದರು ಎಂದಾಗುತ್ತದೆ, ರಜೆ ಇಲ್ಲ. ಅನ್ನದಿದ್ದರೆ, ಈಗ ಹೇಗೂ ಇಲ್ಲ. ತೆರೆದ ಬಾಯಿಯನ್ನು ಹಾಗೇ ಮುಚ್ಚಿದರು.

ಮೆಟ್ಟಿಲ ಬಳಿ ನಿಂತು ಅಕ್ಕನಿಗೆ ಫೋನು ಮಾಡಿದರು. ಆಪರೇಷನ್ ಚೆನ್ನಾಗಿ ಆಯಿತಂತೆ, ಪಕ್ಕದ ಮನೆಯವಳು ಜೊತೆಗಿದ್ದಾಳಂತೆ.

"ಅಕ್ಕಾ, ರಜೆ ಸಿಗ್ಲಿಲ್ಲ."



"ಸರಿ ಬಿಡೋ. ಇನ್ನೊಂದು ಕಣ್ಣು ಇದೆಯಲ್ಲ. ಆರು ತಿಂಗಳು ಬಿಟ್ಟು ಅದಕ್ಕೂ ಮಾಡ್ತಾರಂತೆ. ಅದಕ್ಕೆ ಬರುವೆಯಂತೆ."

"ನಾಳೆ ಯಾರ ಮುಖ ನೋಡ್ತೀಯ?"

"ಡಾಕ್ಟ್ರು ಎದುರಿಗೇ ನಿಂತಿರ್ತಾರಲ್ಲ. ನಿಂದಕ್ಕಿಂತ ಚೆನ್ನಾಗಿರುತ್ತೆ ಅವರ ಮುಖ." ಅವಳು ನಗಲು ಹೋಗಿ ತಡೆದುಕೊಂಡಳು. "ಫೋನ್ ಇಡ್ತೀನಿ ಕಣೋ. ಕಣ್ಣಲ್ಲಿ ನೀರು ಬರಬಾರ್ದು ಅಂದಿದ್ದಾರೆ."

ಅವರು ಹಿಂದೆ ಬಂದು ಕುರ್ಚಿಯಲ್ಲಿ ಕೂತರು. ಪರದೆಯ ಮೇಲೆ ಯಜಮಾನರ ಹೊಸ ಪ್ರಶ್ನೆ ಕಾಯುತ್ತಿತ್ತು: "ಹೊಗಳಿದರೂ ಸಾವಧಾನರು ಮುಖ ಬಾಡಿಸಿಕೊಂಡಿದ್ದಾರೆ. ಏನು ಮಾಡಿದರೆ ಅವರಿಗೆ ಸಮಾಧಾನ ಆದೀತು?"

ಗಡಿಯಾರದಲ್ಲಿ ಐದೂವರೆ. ಬಸ್ ನಿಲ್ದಾಣಕ್ಕೆ ಅರ್ಧ ಗಂಟೆಯ ದಾರಿ. ಸಾವಧಾನರು ಎಂದೂ ಇಲ್ಲದಷ್ಟು ವೇಗವಾಗಿ, ಎರಡು ಬೆರಳು ಬಿಟ್ಟು ಹತ್ತೂ ಬೆರಳಿನಲ್ಲಿ ಟೈಪ್ ಮಾಡಿದರು. "ರಜೆ ಕೊಡಿ. ಮೂರು ದಿನ ಬೇಡ, ನಾಳೆ ಒಂದು ದಿನ ಸಾಕು. ಆರೂವರೆ ಬಸ್ಸು ಇನ್ನೂ ಸಿಗುತ್ತದೆ."

ಕಳಿಸಿ, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕಾದರು.

ಕೋಣೆಯಿಂದ ಮೊದಲು ಒಂದು "ಆಂ?" ಕೇಳಿಸಿತು. ಆಮೇಲೆ ಗಟ್ಟಿಯಾದ ನಗು. ಯಜಮಾನರು ಬಂದು ಅಡ್ಡಗೋಡೆಯ ಮೇಲೆ ಮೊಣಕೈ ಊರಿದರು.

"ಗೊತ್ತಣ್ಣ ಬೆಳಿಗ್ಗೆಯೇ ಹೇಳಿದ್ದ ಸಾವಧಾನರೇ, ಇವು ಇದ್ದಕ್ಕಿದ್ದ ಹಾಗೆ ಬಡಬಡಿಸೋಕೆ ಶುರು ಮಾಡ್ತವಂತೆ. ನಾನು ನಂಬಿರ್ಲಿಲ್ಲ. ಈಗ ತಾನೇ ಒಂದು ದಿನವೂ ನಡೆಯಲ್ಲ ಅಂದಿದ್ದು, ಈಗ ರಜೆ ಕೊಡಿ ಅಂತಿದೆ! ಬಸ್ಸಿನ ಟೈಮು ಬೇರೆ ಹೇಳತ್ತೆ. ನಿಮ್ಮ ಅರ್ಜಿ ಎಲ್ಲೋ ಕದ್ದು ಓದಿದೆ. ಇಂಥದ್ದನ್ನ ಇಟ್ಕೊಂಡ್ರೆ ನಾಳೆ ಗ್ರಂಥಾಲಯದವರಿಗೆಲ್ಲ ರಜೆ ಕೊಟ್ಟುಬಿಡತ್ತೆ. ತೆಗೆದುಹಾಕಿ ಅದನ್ನ. ಬೆಳಿಗ್ಗೆ ಸ್ವಲ್ಪ ಬೇಗ ಬನ್ನಿ, ಬೇರೆ ಪ್ರೊವೈಡರ್ ಹಾಕೋಣ."

"ಅಲ್ಲೀವರೆಗೆ ಸರ್?"

"ಅಲ್ಲೀವರೆಗೆ ನೀವಿದ್ದೀರಲ್ಲ!"

ಸಾವಧಾನರು ಸೆಟ್ಟಿಂಗ್ಸ್ ತೆರೆದು "ಸ್ವಂತ" ಎಂಬ ಸಾಲಿನ ಮೇಲೆ ಬೆರಳಿಟ್ಟರು. ಈ ಪ್ರೊವೈಡರನ್ನು ಖಂಡಿತವಾಗಿ ತೆಗೆಯಬೇಕೇ ಎಂದು ಎಡಿಟರ್ ಕೇಳಿತು. ಹೌದು ಎಂದರು. ಅಡ್ಡಗೋಡೆಯ ಆಚೆ ಪ್ರಶ್ನೆ ಹೊತ್ತ ಮೂರು ಕುರ್ಚಿಗಳು ಒಟ್ಟಿಗೇ ಹಿಂದೆ ಸರಿದವು.